ಗ್ರೇಡ್ ಕೊಟ್ಟಾಯಿತು, ಮತ್ತೆ ಅಳೆಯುವುದು ಏನನ್ನು? ಕಮ್ಯುನಿಟಿ ಕಾಲೇಜಿನ ಜೆನ್-ಎಡ್ ಅಸೆಸ್‌ಮೆಂಟ್

ಪ್ರಶ್ನೆ: ನಾನು ಕರ್ನಾಟಕದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೆಲವು ವರ್ಷ ಗಣಿತ ಕಲಿಸಿದ್ದೆ. ಈಗ ಅಮೆರಿಕದ ಇಲಿನಾಯ್ ರಾಜ್ಯದ ಕಮ್ಯುನಿಟಿ ಕಾಲೇಜೊಂದರಲ್ಲಿ ಸ್ಟ್ಯಾಟಿಸ್ಟಿಕ್ಸ್ ಕಲಿಸುತ್ತಿದ್ದೇನೆ. ಈ ವರ್ಷ ಡೀನ್ ನನ್ನನ್ನು ಜನರಲ್ ಎಜುಕೇಶನ್ (ಜೆನ್-ಎಡ್, ಅಂದರೆ ಯಾವ ವಿಷಯ ಓದಿದರೂ ಎಲ್ಲರೂ ಓದಲೇಬೇಕಾದ ಪಾಠಗಳು) ಅಸೆಸ್‌ಮೆಂಟ್ ಕಮಿಟಿಗೆ ಹಾಕಿದ್ದಾರೆ. ನಮ್ಮ ಕಾಲೇಜಿಗೆ ಆರು ಔಟ್‌ಕಮ್‌ಗಳಿವೆ, ಅಂದರೆ ಓದು ಮುಗಿಸುವವರಿಗೆ ಬಂದಿರಬೇಕಾದ ಸಾಮರ್ಥ್ಯಗಳು. ಈ ಸಲ ಅಳೆಯಬೇಕಾದದ್ದು ಅಂಕಿಸಂಖ್ಯೆಗಳನ್ನು ಅರ್ಥಮಾಡಿಕೊಂಡು ಬಳಸುವ ಸಾಮರ್ಥ್ಯ. ಎರಡು ವರ್ಷದಲ್ಲಿ ಅಕ್ರೆಡಿಟೇಶನ್ (ಕಾಲೇಜಿಗೆ ಮಾನ್ಯತೆ ಕೊಡುವ) ತಂಡ ಬರುತ್ತದೆ. ನನ್ನ ಸಂಶಯಗಳು ಇವು. ಎಲ್ಲರೂ ಗ್ರೇಡ್ ಕೊಡುತ್ತಾರಲ್ಲ, ಬೇರೆ ಅಳತೆ ಯಾಕೆ? ಒಂದು ರೆಡಿಮೇಡ್ ಪರೀಕ್ಷೆ ತರಿಸಿ ಮುಗಿಸಬಹುದಾ? ಎಷ್ಟು ವಿದ್ಯಾರ್ಥಿಗಳ ಬರಹ ಓದಬೇಕು? ಸಹೋದ್ಯೋಗಿಗಳಿಗೆ ಇದರ ಹೆಸರು ಕೇಳಿದರೇ ಆಗುವುದಿಲ್ಲ. ನನಗೂ ಒಳಗೊಳಗೆ ಇದು ನಮ್ಮ ಊರಿನ ಸಿಒ-ಪಿಒ (ಕೋರ್ಸ್ ಔಟ್‌ಕಮ್, ಪ್ರೋಗ್ರಾಂ ಔಟ್‌ಕಮ್) ಎಕ್ಸೆಲ್ ಶೀಟೇ ಹೊಸ ಅಂಗಿ ತೊಟ್ಟು ಬಂದ ಹಾಗೆ ಕಾಣುತ್ತಿದೆ. ನಾವು ಅಸೈನ್‌ಮೆಂಟ್, ಗ್ರೇಡ್‌ಗಳಿಗೆ ಬಳಸುವ ಕ್ಯಾನ್ವಾಸ್ ಸಾಫ್ಟ್‌ವೇರ್‌ನಲ್ಲಿರುವ ಔಟ್‌ಕಮ್ಸ್ ಟೂಲ್ ಬಳಸಿದರೆ ಕೆಲಸ ಸುಲಭ ಆಗುತ್ತದಾ?

ಉತ್ತರ:

ಸಿಒ-ಪಿಒ ವಿಷಯದಿಂದಲೇ ಶುರು ಮಾಡೋಣ. ಅಲ್ಲಿ ಕೆಲಸ ಮಾಡಿದವರಿಗೆ ಆ ಶೀಟ್ ಮರೆಯುವುದಿಲ್ಲ. ಪ್ರತಿ ಕೋರ್ಸಿಗೆ ನಾಲ್ಕೈದು ಸಿಒ. ಅವಕ್ಕೂ ಪಿಒಗಳಿಗೂ 1, 2, 3 ಅಂತ ನಂಟು ಹಾಕುವುದು. ಇಂಟರ್ನಲ್ಸ್ ಮತ್ತು ಯೂನಿವರ್ಸಿಟಿ ಪರೀಕ್ಷೆಯ ಅಂಕ ತುಂಬುವುದು. ಫಾರ್ಮುಲಾ ತಾನೇ 2.37 ಅಂತ ಒಂದು ಅಟೇನ್‌ಮೆಂಟ್ (ಗುರಿ ಎಷ್ಟು ಮುಟ್ಟಿತು ಅನ್ನುವ ಅಂಕಿ) ಉಗುಳುತ್ತದೆ. ಕೋರ್ಸುಗಳಿಗೆ ಮಾನ್ಯತೆ ಕೊಡುವ ಎನ್‌ಬಿಎ ಭೇಟಿಗೆ ಫೈಲ್ ಸಿದ್ಧ. ಇಂಜಿನಿಯರಿಂಗ್ ಡಿಗ್ರಿಗಳನ್ನು ದೇಶದೇಶಗಳ ನಡುವೆ ಒಪ್ಪಿಕೊಳ್ಳುವ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ 2014ರಲ್ಲಿ ಪೂರ್ಣ ಸದಸ್ಯನಾದ ಮೇಲೆ ಈ ಕೆಲಸ ಇನ್ನೂ ಬಿಗಿಯಾಯಿತು. ಆದರೆ ಅಷ್ಟೂ ಲೆಕ್ಕದಲ್ಲಿ ಒಂದು ಕೆಲಸ ಮಾತ್ರ ಯಾರೂ ಮಾಡುವುದಿಲ್ಲ. ವಿದ್ಯಾರ್ಥಿ ಬರೆದ ಉತ್ತರವನ್ನು ನಾಲ್ಕು ಜನ ಕೂತು ಓದಿ 'ಇವನಿಗೆ ಇದು ಅರ್ಥವಾಗಿದೆಯಾ' ಅಂತ ಮಾತಾಡುವುದಿಲ್ಲ. ಅಂಕ ಬಂದಿದೆ, ಅಂಕ ಹೋಗುತ್ತದೆ.

ನಿಮ್ಮ ಕಾಲೇಜಿನಲ್ಲೂ ಇದನ್ನು ಹಾಗೆಯೇ ಮಾಡಲು ಸಾಧ್ಯವಿದೆ. ಎಷ್ಟೋ ಕಡೆ ಹಾಗೆಯೇ ಮಾಡುತ್ತಾರೆ. ಆದ್ದರಿಂದ ನಿಮ್ಮ ಅನುಮಾನ ಸುಮ್ನೆ ಬಂದದ್ದಲ್ಲ. ಆದರೆ ಇಲ್ಲಿ ಬೇರೆ ರೀತಿ ಮಾಡುವುದಕ್ಕೆ ಜಾಗ ಇದೆ. ನನ್ನ ಇಡೀ ಉತ್ತರ ಆ ಜಾಗದ ಬಗ್ಗೆಯೇ.

ಬೇರೆ ಓದುಗರಿಗಾಗಿ ಸ್ವಲ್ಪ ಹಿನ್ನೆಲೆ ಹೇಳಿಬಿಡುತ್ತೇನೆ. ಕಮ್ಯುನಿಟಿ ಕಾಲೇಜು ಅಂದರೆ ಎರಡು ವರ್ಷದ ಸರ್ಕಾರಿ ಕಾಲೇಜು. ಇವುಗಳಲ್ಲಿ ಎಲ್ಲಕ್ಕಿಂತ ಹಳೆಯದು ಇಲಿನಾಯ್‌ನದೇ, 1901ರಲ್ಲಿ ಶುರುವಾದ ಜೋಲಿಯೆಟ್ ಜೂನಿಯರ್ ಕಾಲೇಜು. ಸಾಮಾನ್ಯವಾಗಿ 60 ಕ್ರೆಡಿಟ್ ಮುಗಿಸಿದರೆ ಅಸೋಸಿಯೇಟ್ ಡಿಗ್ರಿ. ಆಮೇಲೆ ಬೇಕಾದರೆ ನಾಲ್ಕು ವರ್ಷದ ಯೂನಿವರ್ಸಿಟಿಗೆ ವರ್ಗವಾಗಿ ಉಳಿದರ್ಧ ಓದಬಹುದು. ಹೀಗೆ ವರ್ಗವಾಗಲು ಹೊರಟವರ ಕ್ರೆಡಿಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ ಎಜುಕೇಶನ್‌ಗೇ ಹೋಗುತ್ತದೆ. ನರ್ಸಿಂಗ್ ಓದಲಿ, ಬಿಸಿನೆಸ್ ಓದಲಿ, ಎಲ್ಲರೂ ಓದಬೇಕಾದ ಪಾಠಗಳು ಅವು. ಇಲಿನಾಯ್‌ನಲ್ಲಿ ರಾಜ್ಯದ ಕಾಲೇಜುಗಳ ನಡುವೆ ಇದಕ್ಕೊಂದು ಒಪ್ಪಂದ ಇದೆ. ಅದರ ಪ್ರಕಾರ ಜೆನ್-ಎಡ್ ಕಟ್ಟು 37ರಿಂದ 41 ಕ್ರೆಡಿಟ್. ಬರವಣಿಗೆ ಮತ್ತು ಮಾತು 9, ಗಣಿತ 3ರಿಂದ 6, ವಿಜ್ಞಾನ 7ರಿಂದ 8, ಮಾನವಿಕ ವಿಷಯ ಮತ್ತು ಕಲೆ 9, ಸಮಾಜ ವಿಜ್ಞಾನ 9. ನಿಮ್ಮ ಸ್ಟ್ಯಾಟಿಸ್ಟಿಕ್ಸ್ ಕೋರ್ಸು ಈ ಗಣಿತದ ಖಾನೆಯಲ್ಲಿ ಕೂತಿದೆ.

ಈ ಪಾಠಗಳ ಹಿಂದಿನ ಯೋಚನೆಗೆ ಎರಡನೇ ಮಹಾಯುದ್ಧದ ನಂತರ ಬಲ ಬಂತು. 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಆಯೋಗ ದೇಶದ ತುಂಬ ಕಮ್ಯುನಿಟಿ ಕಾಲೇಜುಗಳು ಬೇಕು ಅಂದಿತು. ಒಂದು ಕಸುಬು ಕಲಿತರೆ ಸಾಲದು, ನಾಗರಿಕರಾಗಿ ಬಾಳುವುದಕ್ಕೂ ಓದು ಬೇಕು ಅಂತಲೂ ಹೇಳಿತು. 'ಹಾಗೆ ಓದಿದವರು ನಿಜಕ್ಕೂ ಏನು ಕಲಿತರು, ತೋರಿಸಿ' ಅನ್ನುವ ಒತ್ತಾಯ ಬಂದದ್ದು ದಶಕಗಳ ನಂತರ, ಮುಖ್ಯವಾಗಿ ಅಕ್ರೆಡಿಟೇಶನ್ ಸಂಸ್ಥೆಗಳ ಮೂಲಕ. ನಿಮ್ಮ ಭಾಗಕ್ಕೆ ಅದು ಹೈಯರ್ ಲರ್ನಿಂಗ್ ಕಮಿಷನ್. ಅವರ ಮಾನ್ಯತೆ ಹೋದರೆ ಪೆಲ್ ಗ್ರಾಂಟ್‌ನಂಥ ಕೇಂದ್ರದ ಸಹಾಯಧನವೂ ಹೋಗುತ್ತದೆ. ನಿಮ್ಮ ಡೀನ್ ಮುಖ ಬಿಗಿದುಕೊಂಡು ಓಡಾಡುತ್ತಿದ್ದರೆ ಕಾರಣ ಇದು.

ಈಗ ಗ್ರೇಡ್ ಪ್ರಶ್ನೆ. ನಿಮ್ಮ ಸೆಕ್ಷನ್‌ನಲ್ಲಿ ಒಬ್ಬನಿಗೆ ಬಿ ಬಂತು ಅಂದುಕೊಳ್ಳಿ. ಅದರಲ್ಲಿ ಏನೇನು ಸೇರಿದೆ? ಹಾಜರಿ, ತಡವಾಗಿ ಕೊಟ್ಟದ್ದಕ್ಕೆ ಕಡಿತ, ಎಕ್ಸ್‌ಟ್ರಾ ಕ್ರೆಡಿಟ್, ಹೋಮ್‌ವರ್ಕ್ ಸೈಟಿನ ಅಂಕ, ಮಿಡ್‌ಟರ್ಮ್, ಫೈನಲ್. ಒಬ್ಬನಿಗೆ ಲೆಕ್ಕ ಚೆನ್ನಾಗಿ ಬರುತ್ತದೆ, ಬಂದ ಉತ್ತರದ ಅರ್ಥ ಹೇಳಲು ಬರುವುದಿಲ್ಲ. ಇನ್ನೊಬ್ಬಳದು ಇದಕ್ಕೆ ತಿರುಗಾಮುರುಗ. ಇಬ್ಬರಿಗೂ ಬಿ. ಪಕ್ಕದ ಸೆಕ್ಷನ್‌ನ ಬಿ ಇನ್ನೇನೋ. ಗ್ರೇಡ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಒಬ್ಬ ವಿದ್ಯಾರ್ಥಿ ಒಂದು ಕೋರ್ಸನ್ನು ಹೇಗೆ ಮುಗಿಸಿದ ಅನ್ನುವುದಕ್ಕೆ ಅದು ಸರಿಯಾದ ಉತ್ತರವೇ. ನಿಮ್ಮ ಕಮಿಟಿ ಕೇಳುತ್ತಿರುವುದು ಬೇರೆ. ನಮ್ಮ ಕಾಲೇಜಿನಲ್ಲಿ ನಾಲ್ಕಾರು ಇಲಾಖೆಗಳ ಪಾಠ ಹಾದು ಬಂದವರು ಒಂದು ಅಂಕಿಯನ್ನು ಎದುರಿಗೆ ಇಟ್ಟರೆ ಏನು ಮಾಡಬಲ್ಲರು? ಸ್ಟ್ಯಾಟಿಸ್ಟಿಕ್ಸ್ ಇಲಾಖೆ ಒಂದೇ ಇದಕ್ಕೆ ಉತ್ತರ ಕೊಡಲಾಗದು. ಯಾಕೆಂದರೆ ಅಂಕಿಗಳು ಅರ್ಥಶಾಸ್ತ್ರದಲ್ಲೂ ಇವೆ, ಜೀವಶಾಸ್ತ್ರದ ಲ್ಯಾಬಿನಲ್ಲೂ ಇವೆ, ಸಮಾಜಶಾಸ್ತ್ರದಲ್ಲೂ ಇವೆ. ಸಿಒ-ಪಿಒಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಅಲ್ಲಿ ಪ್ರತಿ ಕೋರ್ಸೂ ತನ್ನ ಲೆಕ್ಕ ತಾನೇ ಒಪ್ಪಿಸುತ್ತದೆ. ಇಲ್ಲಿ ಯಾವ ಕೋರ್ಸಿಗೂ ಸೇರದ, ಎಲ್ಲ ಕೋರ್ಸಿಗೂ ಸೇರಿದ ಒಂದು ಸಾಮರ್ಥ್ಯವನ್ನು ಹುಡುಕುತ್ತಿದ್ದೇವೆ.

ರೆಡಿಮೇಡ್ ಪರೀಕ್ಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಂದು ಕಾಲದಲ್ಲಿ ಬಹಳ ಕಾಲೇಜುಗಳು ಪರೀಕ್ಷೆಗಳನ್ನು ತಯಾರಿಸುವ ಎಸಿಟಿ ಸಂಸ್ಥೆಯ ಕ್ಯಾಪ್ ಪರೀಕ್ಷೆ ತರಿಸುತ್ತಿದ್ದವು. ಆ ಸಂಸ್ಥೆ ಅದನ್ನು ನಿಲ್ಲಿಸಿಬಿಟ್ಟಿದೆ. ಇಂಥ ಪರೀಕ್ಷೆಗಳ ದೊಡ್ಡ ತೊಂದರೆ ದುಡ್ಡಲ್ಲ, ಮನಸ್ಸು. ಅಂಕ ಇಲ್ಲ, ಗ್ರೇಡ್ ಇಲ್ಲ, ಸಂಜೆ ಕೆಲಸಕ್ಕೆ ಹೋಗಬೇಕು. ಅಂಥ ಹುಡುಗ ನಿಮ್ಮ ಪರೀಕ್ಷೆಯನ್ನು ಮನಸ್ಸಿಟ್ಟು ಯಾಕೆ ಬರೆದಾನು? ಅವನ ಬೇಸರವನ್ನು ಅಳೆದು ಕಲಿಕೆ ಅಂತ ವರದಿ ಬರೆದ ಹಾಗಾಗುತ್ತದೆ. ವಿದ್ಯಾರ್ಥಿಗಳನ್ನೇ ಕೇಳುವ ಸಿಸಿಎಸ್‌ಎಸ್‌ಇ ಥರದ ಸಮೀಕ್ಷೆಗಳೂ ಇವೆ. ಅವು ಉಪಯೋಗಕ್ಕೆ ಬರುತ್ತವೆ, ಆದರೆ ಪಕ್ಕವಾದ್ಯವಾಗಿ ಮಾತ್ರ. 'ನನಗೆ ಗಣಿತ ಚೆನ್ನಾಗಿ ಬಂತು ಅನ್ನಿಸುತ್ತದೆ' ಅನ್ನುವುದು ಅನ್ನಿಸಿಕೆ, ಬಂದಿರುವುದಕ್ಕೆ ಸಾಕ್ಷಿ ಅಲ್ಲ.

ಉಳಿದ ದಾರಿ ಎಂದರೆ ವಿದ್ಯಾರ್ಥಿಗಳು ತರಗತಿಗಾಗಿ ಹೇಗೂ ಬರೆದಿರುವ ಅಸೈನ್‌ಮೆಂಟ್‌ಗಳನ್ನೇ ತೆಗೆದುಕೊಂಡು, ಒಂದು ರೂಬ್ರಿಕ್ (ಯಾವ ಗುಣಕ್ಕೆ ಎಷ್ಟು ಅಂಕ ಅಂತ ಸಾಲುಸಾಲಾಗಿ ಹೇಳುವ ಪಟ್ಟಿ) ಇಟ್ಟುಕೊಂಡು, ಬೇರೆ ಬೇರೆ ಇಲಾಖೆಯ ಅಧ್ಯಾಪಕರು ಒಟ್ಟಿಗೆ ಓದುವುದು. ಇದೇನೂ ಹೊಸದಲ್ಲ. ಕ್ಯಾನ್ಸಸ್‌ನ ಜಾನ್ಸನ್ ಕೌಂಟಿ ಕಮ್ಯುನಿಟಿ ಕಾಲೇಜು 1990ರ ದಶಕದಲ್ಲೇ ಈ ದಾರಿ ಹಿಡಿದಿತ್ತು. ಯೂಟಾದ ಸಾಲ್ಟ್ ಲೇಕ್ ಕಮ್ಯುನಿಟಿ ಕಾಲೇಜು ಮತ್ತು ನ್ಯೂಯಾರ್ಕಿನ ಲಗ್ವಾರ್ಡಿಯಾ ಕಮ್ಯುನಿಟಿ ಕಾಲೇಜು ವಿದ್ಯಾರ್ಥಿಗಳ ಇ-ಪೋರ್ಟ್‌ಫೋಲಿಯೊ (ಅವರ ಬರಹಗಳನ್ನು ಆನ್‌ಲೈನ್‌ನಲ್ಲಿ ಸೇರಿಸಿಟ್ಟ ಕಡತ) ಮೂಲಕ ಮಾಡುತ್ತವೆ. ರೂಬ್ರಿಕ್ ಅನ್ನು ನೀವೇ ಮೊದಲಿಂದ ಬರೆಯುತ್ತಾ ಕೂರಬೇಡಿ. ಅದಕ್ಕೆ ಹೊರಟ ಕಮಿಟಿಗಳು ಒಂದು ಇಡೀ ವರ್ಷ 'ಸಾಮಾನ್ಯ' ಮತ್ತು 'ಸಮರ್ಪಕ' ಪದಗಳ ನಡುವೆ ಕಳೆಯುವುದನ್ನು ನೋಡಿದ್ದೇನೆ. ಅಮೆರಿಕದ ಕಾಲೇಜುಗಳ ಸಂಘವಾದ ಎಎಸಿ ಅಂಡ್ ಯು 2009ರಲ್ಲಿ ವ್ಯಾಲ್ಯೂ ರೂಬ್ರಿಕ್‌ಗಳನ್ನು ಹೊರತಂದಿತು. ನಿಮಗೆ ಬೇಕಾದ ವಿಷಯಕ್ಕೂ ಅದರಲ್ಲಿ ಒಂದು ಇದೆ. ಅದರಲ್ಲಿ ಆರು ಸಾಲು. ಅಂಕಿಯಿಂದ ಅರ್ಥ ತೆಗೆಯುವುದು, ಮಾಹಿತಿಯನ್ನು ಗ್ರಾಫ್ ಅಥವಾ ಟೇಬಲ್ ಆಗಿ ಮಾಡುವುದು, ಲೆಕ್ಕ ಮಾಡುವುದು, ಲೆಕ್ಕದಿಂದ ತೀರ್ಮಾನಕ್ಕೆ ಬರುವುದು, ಏನನ್ನು ನಿಜ ಅಂತ ಇಟ್ಟುಕೊಂಡು ಲೆಕ್ಕ ಮಾಡಿದ್ದೇವೆ ಎಂದು ಹೇಳುವುದು (ಮುಂದೆ ಇವನ್ನು 'ಊಹೆಗಳು' ಅನ್ನುತ್ತೇನೆ), ಅಂಕಿಗಳನ್ನು ಬಳಸಿ ವಾದ ಮಂಡಿಸುವುದು. ಪ್ರತಿ ಸಾಲಿಗೆ 1ರಿಂದ 4ರವರೆಗೆ ಅಂಕ, 1ನ್ನೂ ಮುಟ್ಟದಿದ್ದರೆ 0.

ಇಲ್ಲೊಂದು ಎಚ್ಚರಿಕೆ. ಆ 4 ಅನ್ನುವುದು ನಾಲ್ಕು ವರ್ಷದ ಡಿಗ್ರಿ ಮುಗಿಸಿದವರ ಮಟ್ಟ. ನಿಮ್ಮವರು ಅರ್ಧ ದಾರಿಯಲ್ಲಿದ್ದಾರೆ. 2 ಬಂದರೆ ಗಾಬರಿ ಬೇಡ. ಸರಾಸರಿ 1.9 ಅಂತ ಒಂದೇ ಅಂಕಿಯನ್ನು ಪ್ರಿನ್ಸಿಪಾಲರ ಮಟ್ಟದವರಿಗೆ ತೋರಿಸಿದರೆ ಅವರು ಅದನ್ನು '4ಕ್ಕೆ 1.9, ಅಂದರೆ ಫೇಲ್' ಅಂತ ಓದುತ್ತಾರೆ. ಪ್ರತಿ ಸಾಲಿನಲ್ಲಿ ಎಷ್ಟು ಜನ ಎಲ್ಲಿದ್ದಾರೆ ಅನ್ನುವುದನ್ನೇ ತೋರಿಸಿ. ಈ ರೂಬ್ರಿಕ್ ಗ್ರೇಡ್ ಕೊಡಲು ಅಲ್ಲ ಅಂತ ಅದರ ಮೇಲೆಯೇ ಬರೆದಿದ್ದಾರೆ. ಅದನ್ನೂ ಎಲ್ಲರಿಗೂ ಓದಿ ಹೇಳಿ.

ಇಲ್ಲಿಂದ ಮುಂದೆ ಹೇಳುವುದು ನನ್ನ ಪ್ರಕಾರ ಬಹಳ ಮುಖ್ಯ. ವಿದ್ಯಾರ್ಥಿಯನ್ನು ಅಳೆಯುವ ಮೊದಲು ಅಸೈನ್‌ಮೆಂಟನ್ನು ಅಳೆಯಿರಿ.

ಸ್ಟ್ಯಾಟಿಸ್ಟಿಕ್ಸ್‌ನಲ್ಲಿ ನಾವು ಸಾಮಾನ್ಯವಾಗಿ ಕೊಡುವ ಪ್ರಶ್ನೆ ಹೇಗಿರುತ್ತದೆ? 'ಕೆಳಗೆ 40 ಮನೆಗಳ ತಿಂಗಳ ಬಾಡಿಗೆ ಕೊಟ್ಟಿದೆ. ಸರಾಸರಿ, ಸ್ಟ್ಯಾಂಡರ್ಡ್ ಡೀವಿಯೇಶನ್ ಮತ್ತು 95 ಶೇಕಡಾ ಕಾನ್ಫಿಡೆನ್ಸ್ ಇಂಟರ್ವಲ್ ಕಂಡುಹಿಡಿಯಿರಿ.' ವಿದ್ಯಾರ್ಥಿ ಮೂರು ಅಂಕಿ ಬರೆದು ಕೊಡುತ್ತಾನೆ. ಸರಿಯಾಗಿಯೇ ಬರೆದಿರುತ್ತಾನೆ. ಈಗ ಅದೇ ಹಾಳೆಯನ್ನು ಆರು ಸಾಲಿನ ರೂಬ್ರಿಕ್ ಎದುರು ಇಡಿ. ಲೆಕ್ಕದ ಸಾಲಿಗೆ ಸಾಕ್ಷಿ ಇದೆ. ಏನನ್ನು ನಿಜ ಅಂತ ಇಟ್ಟುಕೊಂಡಿದ್ದಾನೆ ಅನ್ನುವ ಸಾಲಿಗೆ? ಏನೂ ಇಲ್ಲ. ವಾದ ಮಂಡಿಸುವ ಸಾಲಿಗೆ? ಏನೂ ಇಲ್ಲ. ಓದುವವರು ಆ ಎರಡು ಸಾಲಿಗೆ 0 ಹಾಕುತ್ತಾರೆ. ವರದಿಯಲ್ಲಿ 'ನಮ್ಮ ವಿದ್ಯಾರ್ಥಿಗಳು ಊಹೆಗಳನ್ನು ಗುರುತಿಸುವುದರಲ್ಲಿ ತೀರಾ ದುರ್ಬಲ' ಅಂತ ಬರುತ್ತದೆ. ಅವರನ್ನು ಯಾರು ಕೇಳಿದರು? ಕೇಳದ್ದಕ್ಕೆ ಉತ್ತರ ಬರೆಯದೆ ಇರುವುದು ಬುದ್ಧಿವಂತಿಕೆ, ದೌರ್ಬಲ್ಯ ಅಲ್ಲ.

ಹಾಗಾಗಿ ಅಂಕ ಹಾಕುವ ಫಾರ್ಮಿನಲ್ಲಿ 0ಯ ಪಕ್ಕ ಇನ್ನೊಂದು ಖಾನೆ ಇರಲೇಬೇಕು. ಅದರ ಹೆಸರು 'ಕೇಳಿಲ್ಲ'. ಈ ಒಂದು ಖಾನೆ ಫಲಿತಾಂಶವನ್ನು ಎಷ್ಟು ಬದಲಿಸುತ್ತದೆ ನೋಡಿ. 100 ಹಾಳೆಗಳಲ್ಲಿ 60ರ ಅಸೈನ್‌ಮೆಂಟ್ ಆ ಸಾಲನ್ನು ಕೇಳಿಯೇ ಇಲ್ಲ, ಕೇಳಿದ 40ರ ಸರಾಸರಿ 2.0 ಅಂದುಕೊಳ್ಳಿ. ಕೇಳದ್ದಕ್ಕೆಲ್ಲ 0 ಹಾಕಿದರೆ ಸರಾಸರಿ 0.8ಕ್ಕೆ ಇಳಿಯುತ್ತದೆ. ಆ 0.8 ನೋಡಿ ಗಾಬರಿಯಾದ ಕಾಲೇಜು ಒಂದು ಟ್ಯೂಟರಿಂಗ್ ಸೆಂಟರ್ ತೆರೆಯುತ್ತದೆ. 'ಕೇಳಿಲ್ಲ 60' ಅಂತ ನೋಡಿದ ಕಾಲೇಜು ಅಧ್ಯಾಪಕರನ್ನು ಕರೆದು ಅಸೈನ್‌ಮೆಂಟ್ ತಿದ್ದಿಸುತ್ತದೆ. ಎರಡನೆಯದಕ್ಕೆ ಖರ್ಚೂ ಕಡಿಮೆ, ಮದ್ದೂ ಸರಿಯಾದದ್ದು.

ಅದೇ ಬಾಡಿಗೆಯ ಪ್ರಶ್ನೆಯನ್ನು ಹೀಗೆ ಕೇಳಬಹುದು. 'ನಿಮ್ಮ ಊರಿನ ಬಾಡಿಗೆದಾರರ ಸಂಘ ನಗರಸಭೆಗೆ ಒಂದು ಪುಟದ ಪತ್ರ ಬರೆಯಬೇಕಾಗಿದೆ. ಆನ್‌ಲೈನ್ ಜಾಹೀರಾತುಗಳಿಂದ ತೆಗೆದ 40 ಮನೆಗಳ ಬಾಡಿಗೆ ಇಲ್ಲಿದೆ. ಸರಾಸರಿ ಬಾಡಿಗೆ ಎಷ್ಟಿರಬಹುದು ಅಂತ ಅಂದಾಜು ಮಾಡಿ ಪತ್ರ ಬರೆಯಿರಿ. ಈ 40 ಮನೆಗಳು ಇಡೀ ಊರನ್ನು ಪ್ರತಿನಿಧಿಸುತ್ತವೆಯೇ? ಯಾರು ಬಿಟ್ಟುಹೋಗಿದ್ದಾರೆ? ಅವರನ್ನೂ ಸೇರಿಸಿದರೆ ನಿಮ್ಮ ಅಂಕಿ ಮೇಲೆ ಹೋಗುತ್ತದಾ, ಕೆಳಗೆ ಬರುತ್ತದಾ?' ಲೆಕ್ಕ ಅದೇ. ಆದರೆ ಈಗ ಒಳ್ಳೆಯ ವಿದ್ಯಾರ್ಥಿ ಯೋಚಿಸಬೇಕು. ಜಾಹೀರಾತಿನಲ್ಲಿ ಇರುವುದು ಈಗ ಖಾಲಿ ಇರುವ ಮನೆಗಳು, ಇವತ್ತಿನ ದರ. ಹತ್ತು ವರ್ಷದಿಂದ ಒಂದೇ ಮನೆಯಲ್ಲಿ ಕಡಿಮೆ ಬಾಡಿಗೆಗೆ ಇರುವ ಅಜ್ಜಿ ಅದರಲ್ಲಿ ಇಲ್ಲ. ಆದ್ದರಿಂದ ನಿಜವಾದ ಸರಾಸರಿ ಪ್ರಾಯಶಃ ಇದಕ್ಕಿಂತ ಕಡಿಮೆ. ಇಷ್ಟು ಬರೆದರೆ ಮೂರು ನಾಲ್ಕು ಸಾಲುಗಳಿಗೆ ಒಟ್ಟಿಗೆ ಸಾಕ್ಷಿ ಸಿಕ್ಕಿತು. ಬರೆಯದಿದ್ದರೆ ಅದೂ ಸಾಕ್ಷಿಯೇ, ಈ ಸಲ ನ್ಯಾಯವಾದದ್ದು.

ಇದಕ್ಕೆ ನಿಮ್ಮ ಸಿಲಬಸ್ ಬದಲಿಸಬೇಕಿಲ್ಲ. ರಾಜ್ಯದ ಒಪ್ಪಂದದಲ್ಲಿರುವ ಕೋರ್ಸಿನ ವಿಷಯಪಟ್ಟಿಯನ್ನು ಒಂದು ಕಾಲೇಜು ತನ್ನಿಷ್ಟಕ್ಕೆ ಕತ್ತರಿಸುವಂತೆಯೂ ಇಲ್ಲ, ವರ್ಗಾವಣೆಗೆ ತೊಡಕಾಗುತ್ತದೆ. ಅಸೈನ್‌ಮೆಂಟ್ ಮಾತ್ರ ಪೂರ್ತಿ ನಿಮ್ಮ ಕೈಯಲ್ಲಿದೆ.

ಅಂದರೆ ಮೊದಲ ಸೆಮಿಸ್ಟರ್‌ನಲ್ಲಿ ಒಬ್ಬ ವಿದ್ಯಾರ್ಥಿಯ ಹಾಳೆಯನ್ನೂ ಮುಟ್ಟಬೇಡಿ ಅನ್ನುತ್ತೇನೆ. ಅಂಕಿಗಳನ್ನು ಬಳಸುವ ಜೆನ್-ಎಡ್ ಕೋರ್ಸುಗಳಿಂದ ಅಸೈನ್‌ಮೆಂಟ್ ಪ್ರಶ್ನೆಗಳನ್ನು ಮಾತ್ರ ತರಿಸಿ. ಗಣಿತ, ಅರ್ಥಶಾಸ್ತ್ರ, ಸೈಕಾಲಜಿ, ಬಯಾಲಜಿ, ಭೂಗೋಳ, ಎಲ್ಲ ಕಡೆಯಿಂದ. ಒಂದು ಟೇಬಲ್ ಮಾಡಿ. ಎಡಗಡೆ ಅಸೈನ್‌ಮೆಂಟ್, ಮೇಲೆ ಆರು ಸಾಲು, ಕೇಳಿದ ಕಡೆ ಟಿಕ್. ಇದೊಂದು ಮಧ್ಯಾಹ್ನದ ಕೆಲಸ. ಆ ಟೇಬಲ್ಲಿನಲ್ಲಿ ಟಿಕ್ ಇಲ್ಲದ ಖಾನೆಗಳು ನಿಮ್ಮ ಕಾಲೇಜಿನ ಬಗ್ಗೆ ಹೇಳುವಷ್ಟನ್ನು ಮುಂದಿನ ಎಷ್ಟೋ ಡೇಟಾ ಹೇಳಲಾರದು. ಸಾಮಾನ್ಯವಾಗಿ ಲೆಕ್ಕದ ಕಾಲಂ ತುಂಬಿ ತುಳುಕುತ್ತಿರುತ್ತದೆ, ಊಹೆಗಳ ಕಾಲಂ ಬರಿದಾಗಿರುತ್ತದೆ.

ಆಮೇಲೆ ಅಸೈನ್‌ಮೆಂಟ್ ಕೊಟ್ಟವರನ್ನು ನಾಲ್ಕೈದು ಜನರ ಗುಂಪಾಗಿ ಕೂರಿಸಿ. ಪ್ರತಿಯೊಬ್ಬರ ಅಸೈನ್‌ಮೆಂಟಿಗೆ ಅರ್ಧ ಗಂಟೆಗೆ ಮೀರದ ಹಾಗೆ ಸಮಯ. ಉಳಿದವರು ಅದನ್ನು ವಿದ್ಯಾರ್ಥಿಯ ಕಣ್ಣಲ್ಲಿ ಓದಿ 'ಇಲ್ಲಿ ನನ್ನಿಂದ ಏನು ಬಯಸುತ್ತಿದ್ದೀರಿ ಅಂತ ತಿಳಿಯಲಿಲ್ಲ' ಅಂತ ಹೇಳಬೇಕು. ಸಮಾಜಶಾಸ್ತ್ರದವರು ನಿಮ್ಮ ಪ್ರಶ್ನೆ ಓದಿದಾಗ, ನಿಮಗೆ ನೀರು ಕುಡಿದಷ್ಟು ಸಲೀಸಾದ ವಾಕ್ಯ ಹೊರಗಿನವರಿಗೆ ಎಷ್ಟು ಗೋಜಲು ಅಂತ ಗೊತ್ತಾಗುತ್ತದೆ. ಸಹೋದ್ಯೋಗಿಗಳ ಸಿಟ್ಟು ಇಳಿಯುವುದೂ ಇಲ್ಲಿಯೇ. ಅವರಿಗೆ ಪಾಠದ ಬಗ್ಗೆ ಮಾತಾಡುವುದು ಬೇಸರವಲ್ಲ, ಫಾರ್ಮ್ ತುಂಬುವುದು ಬೇಸರ.

ಸಿಟ್ಟಿಗೆ ಇನ್ನೊಂದು ಕಾರಣವೂ ಇದೆ, ಅದನ್ನು ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಕಮ್ಯುನಿಟಿ ಕಾಲೇಜುಗಳಲ್ಲಿ ಪಾಠ ಮಾಡುವವರಲ್ಲಿ ಹೆಚ್ಚಿನವರು ಪಾರ್ಟ್-ಟೈಮ್. ಸೆಮಿಸ್ಟರ್‌ನಿಂದ ಸೆಮಿಸ್ಟರ್‌ಗೆ ಕರಾರು. 'ನನ್ನ ಸೆಕ್ಷನ್‌ನ ಹಾಳೆಗಳಿಗೆ ಕಡಿಮೆ ಅಂಕ ಬಂದರೆ ಮುಂದಿನ ಸಲ ನನಗೆ ಕ್ಲಾಸ್ ಸಿಗುತ್ತದಾ?' ಈ ಭಯ ಸುಳ್ಳಲ್ಲ. ಹಾಗಾಗಿ ಮೊದಲೇ ಬರಹದಲ್ಲಿ ಒಂದು ಮಾತು ಪಡೆದುಕೊಳ್ಳಿ. ಈ ಫಲಿತಾಂಶವನ್ನು ಯಾವ ಅಧ್ಯಾಪಕರ ಮೌಲ್ಯಮಾಪನಕ್ಕೂ ಬಳಸುವುದಿಲ್ಲ, ಸೆಕ್ಷನ್ ಮಟ್ಟದ ಅಂಕಿ ಯಾರಿಗೂ ಕೊಡುವುದಿಲ್ಲ ಅಂತ. ಹಾಳೆಗಳ ಮೇಲಿನ ವಿದ್ಯಾರ್ಥಿಯ ಹೆಸರು, ಅಧ್ಯಾಪಕರ ಹೆಸರು, ಸೆಕ್ಷನ್ ನಂಬರ್ ಎಲ್ಲ ಅಳಿಸಿ, ಕೋಡ್ ಹಾಕಿ. ವಿದ್ಯಾರ್ಥಿಗಳ ದಾಖಲೆ ಕಾಪಾಡಲು 1974ರ ಫೆರ್ಪಾ ಕಾಯ್ದೆ ಇದೆ. ಆ ಕಾಯ್ದೆ ಅಧ್ಯಾಪಕರನ್ನು ಕಾಪಾಡುವುದಿಲ್ಲ, ಅದನ್ನು ನಿಮ್ಮ ಕಮಿಟಿಯೇ ಮಾಡಬೇಕು. ಪಾರ್ಟ್-ಟೈಮ್‌ನವರನ್ನು ಹಾಳೆ ಓದಲು ಕರೆದರೆ ದುಡ್ಡು ಕೊಡಿ. ಸರ್ಟಿಫಿಕೇಟ್ ಕೊಟ್ಟು ಸಮಾಧಾನ ಮಾಡಬೇಡಿ.

ಎಷ್ಟು ಹಾಳೆ ಅಂತ ಕೇಳಿದ್ದೀರಿ. ನೀವು ಸ್ಟ್ಯಾಟಿಸ್ಟಿಕ್ಸ್‌ನವರು, ಆದ್ದರಿಂದ ನೇರವಾಗಿ ಹೇಳುತ್ತೇನೆ. ಶೇಕಡಾ 60 ಜನ 2 ಅಥವಾ ಅದಕ್ಕಿಂತ ಮೇಲಿದ್ದಾರೆ ಅಂದುಕೊಂಡರೆ, 100 ಹಾಳೆಗೆ ಆಚೆ ಈಚೆ ಸುಮಾರು 10 ಶೇಕಡಾಂಶದ ತಪ್ಪು. 400 ಓದಿದರೆ ಅದು 5ಕ್ಕೆ ಇಳಿಯುತ್ತದೆ. ಆ 5 ಅಂಶಕ್ಕಾಗಿ ನಾಲ್ಕು ಪಟ್ಟು ಓದುವುದು ನನ್ನ ಮಟ್ಟಿಗೆ ಲಾಭದ ವ್ಯಾಪಾರವಲ್ಲ. ಆದರೆ ಈ ಲೆಕ್ಕ ಪ್ರತಿ ಹಾಳೆಯೂ ಸ್ವತಂತ್ರ ಅಂತ ನಂಬಿ ಮಾಡಿದ್ದು. ಅನ್ನ ಬೆಂದಿದೆಯಾ ನೋಡಲು ಒಂದು ಅಗುಳು ಸಾಕು ಅನ್ನುವ ಮಾತು ಪಾತ್ರೆ ಒಂದೇ ಆಗಿದ್ದರೆ ಸರಿ. ನಿಮ್ಮಲ್ಲಿ ಒಂದೊಂದು ಸೆಕ್ಷನ್ನೂ ಒಂದೊಂದು ಪಾತ್ರೆ. ಒಂದೇ ಅಸೈನ್‌ಮೆಂಟ್, ಒಂದೇ ಅಧ್ಯಾಪಕರು, ಒಂದೇ ಹೊತ್ತಿನ ಕ್ಲಾಸು. ಆ ಹಾಳೆಗಳು ಒಂದಕ್ಕೊಂದು ಹೋಲುತ್ತವೆ. ಈ ಹೋಲಿಕೆಯನ್ನು 0.1 ಅಂತ ಇಟ್ಟುಕೊಳ್ಳಿ. 5 ಸೆಕ್ಷನ್‌ನಿಂದ 20 ಹಾಳೆಯಂತೆ 100 ತೆಗೆದರೆ ಡಿಸೈನ್ ಎಫೆಕ್ಟ್ (ಈ ಹೋಲಿಕೆಯಿಂದ ಹಾಳೆಗಳ ಬೆಲೆ ಎಷ್ಟು ಪಟ್ಟು ಇಳಿಯುತ್ತದೆ ಅನ್ನುವ ಅಂಕಿ) 2.9. ನಿಮ್ಮ 100 ಹಾಳೆ ನಿಜದಲ್ಲಿ ಸುಮಾರು 34ರಷ್ಟು ಮಾತ್ರ ಕೆಲಸ ಮಾಡುತ್ತದೆ, ತಪ್ಪು 16ಕ್ಕೆ ಏರುತ್ತದೆ. 20 ಸೆಕ್ಷನ್‌ನಿಂದ 5ರಂತೆ ತೆಗೆದರೆ ಡಿಸೈನ್ ಎಫೆಕ್ಟ್ 1.4. ಆಗ 71ರಷ್ಟು ಬೆಲೆ, ತಪ್ಪು ಸುಮಾರು 11. ಓದುವ ಶ್ರಮ ಎರಡಕ್ಕೂ ಒಂದೇ. ಹಾಗಾಗಿ ಹೆಚ್ಚು ಸೆಕ್ಷನ್, ಪ್ರತಿಯೊಂದರಿಂದ ಕಡಿಮೆ ಹಾಳೆ. ಸಂಜೆಯ ಕ್ಲಾಸು, ಆನ್‌ಲೈನ್ ಕ್ಲಾಸು, ಹೈಸ್ಕೂಲಿನಲ್ಲಿದ್ದುಕೊಂಡೇ ಕಾಲೇಜು ಕ್ರೆಡಿಟ್ ತೆಗೆದುಕೊಳ್ಳುವ ಮಕ್ಕಳ ಕ್ಲಾಸು, ಇವು ಬಿಟ್ಟುಹೋಗದ ಹಾಗೆ ನೋಡಿ. ಸ್ವಯಂಪ್ರೇರಿತರಾಗಿ ಹಾಳೆ ಕೊಡುವ ಅಧ್ಯಾಪಕರನ್ನೇ ನೆಚ್ಚಿಕೊಂಡರೆ ಆನ್‌ಲೈನ್ ಜಾಹೀರಾತಿನ ಬಾಡಿಗೆಯ ಕಥೆಯೇ.

ಯಾರ ಹಾಳೆ ಅನ್ನುವುದೂ ಮುಖ್ಯ. ಕಾಲೇಜು ಏನು ಕಲಿಸಿತು ಅಂತ ತಿಳಿಯಬೇಕಾದರೆ ಮುಗಿಸುವ ಹಂತಕ್ಕೆ ಬಂದವರನ್ನು ನೋಡಬೇಕು. 45 ಕ್ರೆಡಿಟ್ ದಾಟಿದವರು ಅಂತ ಒಂದು ಗೆರೆ ಹಾಕಬಹುದು. ಹೊಸಬರದ್ದನ್ನೂ ಓದಿ, ವ್ಯತ್ಯಾಸವನ್ನು 'ನಾವು ಕಲಿಸಿದ್ದು' ಅಂತ ಕರೆಯುವ ಆಸೆ ಬರುತ್ತದೆ. ಬೇಡ. ಮೊದಲ ವರ್ಷ ಬಂದವರಲ್ಲಿ ಎಷ್ಟೋ ಜನ ನಡುವೆ ಬಿಟ್ಟುಹೋಗಿರುತ್ತಾರೆ, ಇನ್ನೆಷ್ಟೋ ಜನ ಡಿಗ್ರಿ ಮುಗಿಯುವ ಮೊದಲೇ ಯೂನಿವರ್ಸಿಟಿಗೆ ಹೋಗಿರುತ್ತಾರೆ. ಉಳಿದವರು ಬೇರೆ ಥರದ ಜನ. ಅವರನ್ನು ಹೊಸಬರ ಜೊತೆ ತೂಗಿ ಬಂದ ಅಂತರದಲ್ಲಿ ಕಲಿಕೆ ಎಷ್ಟು, ಸೋಸಿ ಉಳಿದದ್ದು ಎಷ್ಟು ಅಂತ ಬೇರೆ ಮಾಡಲು ಆಗುವುದಿಲ್ಲ.

ಓದುವ ದಿನದ ವಿಚಾರ. 100 ಹಾಳೆ, ಪ್ರತಿಯೊಂದಕ್ಕೂ ಇಬ್ಬರು ಓದುಗರು, ಎಂಟು ಜನ ಇದ್ದರೆ ತಲಾ 25. ಒಂದಕ್ಕೆ ಹತ್ತು ನಿಮಿಷ ಹಿಡಿದರೂ ನಾಲ್ಕು ಗಂಟೆ ಚಿಲ್ಲರೆ. ಬೆಳಿಗ್ಗೆ ಒಂದೂವರೆ ಗಂಟೆ ಅಭ್ಯಾಸಕ್ಕೆ ಬಿಡಿ. ಎಲ್ಲರೂ ಒಂದೇ ನಾಲ್ಕೈದು ಹಾಳೆ ಓದಿ ಅಂಕ ಹಾಕಿ, ಯಾಕೆ ಹಾಗೆ ಹಾಕಿದಿರಿ ಅಂತ ಜಗಳವಾಡಲಿ. ಆ ಜಗಳವೇ ಈ ದಿನದ ಸಾರ, ಅದನ್ನು ಬೇಗ ಮುಗಿಸಲು ಹೋಗಬೇಡಿ. ಮುಖ್ಯವಾದ ಮಾತುಗಳನ್ನು ಯಾರಾದರೂ ಬರೆದುಕೊಳ್ಳುತ್ತಿರಲಿ. ಇಬ್ಬರ ಅಂಕದಲ್ಲಿ ಒಂದಕ್ಕಿಂತ ಹೆಚ್ಚು ಅಂತರ ಬಂದರೆ ಮೂರನೆಯವರು ಓದಲಿ.

ಸಂಜೆ ಯಾರೋ '75 ಶೇಕಡಾ ಹಾಳೆಗಳಲ್ಲಿ ಇಬ್ಬರ ಅಂಕ ಒಂದೇ ಆಗಿದೆ' ಅಂತ ಖುಷಿಯಿಂದ ಹೇಳುತ್ತಾರೆ. ನೀವಾದರೂ ಕೇಳಬೇಕು. ಇಬ್ಬರೂ ಹತ್ತರಲ್ಲಿ ಏಳು ಹಾಳೆಗೆ 2, ಉಳಿದವಕ್ಕೆ 3 ಹಾಕುವವರಾಗಿದ್ದರೆ, ಹಾಳೆಯನ್ನು ಓದದೆಯೇ 58 ಶೇಕಡಾ ಹೊಂದಿಕೆ ಬಂದುಬಿಡುತ್ತದೆ. 0.7ರ ವರ್ಗ, 0.3ರ ವರ್ಗ, ಎರಡನ್ನು ಕೂಡಿಸಿ ನೋಡಿ. ಆಗ ಕೊಹೆನ್ ಕಪ್ಪಾ, ಅಂದರೆ ಹೀಗೆ ಆಕಸ್ಮಿಕವಾಗಿ ಬರುವ ಹೊಂದಿಕೆಯನ್ನು ಕಳೆದು ನೋಡುವ ಅಳತೆ, 0.4ರ ಸುತ್ತ ನಿಲ್ಲುತ್ತದೆ. ಅದೇನೂ ನಾಚಿಕೆಗೇಡಲ್ಲ. ಆದರೆ 75ಕ್ಕೆ ಹಿಗ್ಗುವಂಥದ್ದೂ ಅಲ್ಲ.

ಈಗ ಅಕ್ರೆಡಿಟೇಶನ್ ತಂಡ. ಬರುವವರೂ ನಿಮ್ಮಂಥ ಬೇರೆ ಕಾಲೇಜುಗಳವರೇ. ಅವರು ದಪ್ಪ ಬೈಂಡರ್ ಬಹಳ ನೋಡಿದ್ದಾರೆ. ಅವರು ಹುಡುಕುವುದು ಒಂದನ್ನು. ತಿಳಿದುಕೊಂಡದ್ದರಿಂದ ಏನಾದರೂ ಬದಲಾಯಿತಾ? ಆರು ಔಟ್‌ಕಮ್, ಪ್ರತಿಯೊಂದಕ್ಕೂ ಆರು ಸಾಲು ಅಂತ ಎಲ್ಲವನ್ನೂ ಮುಟ್ಟಿ ಯಾವುದನ್ನೂ ತಿದ್ದದ ವರದಿಗಿಂತ, ಒಂದೇ ಸಾಲನ್ನು ಹಿಡಿದು ನಾಲ್ಕು ಪುಟದಲ್ಲಿ ಬರೆದ ಕಥೆ ಹೆಚ್ಚು ತೂಗುತ್ತದೆ. 'ಅಸೈನ್‌ಮೆಂಟ್‌ಗಳಲ್ಲಿ ಹೆಚ್ಚಿನವು ಊಹೆಗಳ ಬಗ್ಗೆ ಕೇಳುತ್ತಲೇ ಇರಲಿಲ್ಲ. ಇಂತಿಷ್ಟು ಅಧ್ಯಾಪಕರು ಕೂತು ತಿದ್ದಿದರು. ಆಮೇಲೆ ಹಾಳೆಗಳನ್ನು ಓದಿದಾಗ ಹೀಗೆ ಕಂಡಿತು.' ಎರಡು ವರ್ಷದಲ್ಲಿ ಇಷ್ಟು ಆಗುತ್ತದೆ.

ಆದರೆ ಅಂಕ ಏರಿದರೆ ಅದನ್ನು ಹೇಗೆ ಬರೆಯುತ್ತೀರಿ ಅನ್ನುವುದರಲ್ಲಿ ಹುಷಾರು. ಎರಡು ಕಾರಣಕ್ಕೆ. ಎಲ್ಲಕ್ಕಿಂತ ಕಡಿಮೆ ಬಂದ ಸಾಲನ್ನೇ ಆರಿಸಿಕೊಂಡು ಮತ್ತೆ ಅಳೆದರೆ, ಏನೂ ಮಾಡದಿದ್ದರೂ ಅದು ಸ್ವಲ್ಪ ಮೇಲೆ ಬರುವ ಸಾಧ್ಯತೆ ಇದೆ. ಅಷ್ಟು ಕಡಿಮೆ ಬಂದದ್ದರಲ್ಲಿ ಆಕಸ್ಮಿಕದ ಪಾಲೂ ಇರುತ್ತದೆ, ಇದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಎರಡನೆಯದು ಇನ್ನೂ ಮುಖ್ಯ. ನೀವು ಪ್ರಶ್ನೆಯನ್ನೇ ಬದಲಿಸಿದ್ದೀರಿ. ಮೊದಲು ಕೇಳಿರಲಿಲ್ಲ, ಈಗ ಕೇಳಿದ್ದೀರಿ, ಅವರು ಬರೆದಿದ್ದಾರೆ. ಇದು ವಿದ್ಯಾರ್ಥಿ ಬದಲಾದದ್ದಾ, ಹಾಳೆ ಬದಲಾದದ್ದಾ? ತಿದ್ದಿದ ಅಸೈನ್‌ಮೆಂಟ್ ಒಂದರಿಂದಲೇ ಇದಕ್ಕೆ ಉತ್ತರ ಸಿಗುವುದಿಲ್ಲ. ನನಗೆ ಇಷ್ಟವಾದ ಒಂದು ಉಪಾಯ ಹೇಳುತ್ತೇನೆ. ನಿಮ್ಮ ಕೋರ್ಸು ಮುಗಿಸಿ ಆಮೇಲೆ ಅರ್ಥಶಾಸ್ತ್ರಕ್ಕೋ ಬಯಾಲಜಿಗೋ ಹೋದವರ ಹಾಳೆಗಳನ್ನು ತೆಗೆಯಿರಿ. ಅಲ್ಲಿನ ಅಸೈನ್‌ಮೆಂಟ್ ತಿದ್ದಿರಬಾರದು, ಊಹೆಗಳ ಬಗ್ಗೆ ನೇರವಾಗಿ ಕೇಳಿರಬಾರದು. ಅಂಥ ಕಡೆ ಯಾರಾದರೂ ತಾವಾಗಿಯೇ 'ಈ ಸ್ಯಾಂಪಲ್ ಯಾರದ್ದು?' ಅಂತ ಒಂದು ಸಾಲು ಬರೆದಿದ್ದಾರಾ ನೋಡಿ. ಬರೆದವರ ಸಂಖ್ಯೆ ತೀರಾ ಕಡಿಮೆ ಇರಬಹುದು. ಆದರೂ ಜನರಲ್ ಎಜುಕೇಶನ್ ಅನ್ನುವುದು ಆ ಒಂದು ಸಾಲೇ ಅಲ್ವಾ? ಸಣ್ಣ ಸಂಖ್ಯೆಯಾದರೂ ಅದನ್ನೇ ವರದಿಯಲ್ಲಿ ಹಾಕಿ.

ಇನ್ನು ಕ್ಯಾನ್ವಾಸ್. ಅದರ ಔಟ್‌ಕಮ್ಸ್ ಟೂಲ್‌ನಲ್ಲಿ ಪ್ರತಿ ಅಧ್ಯಾಪಕರೂ ಗ್ರೇಡ್ ಮಾಡುವಾಗಲೇ ರೂಬ್ರಿಕ್ ಸಾಲಿಗೆ ಒಂದು ಕ್ಲಿಕ್ ಮಾಡಬಹುದು, ಅಂಕಿ ತಾನೇ ಸೇರಿಕೊಳ್ಳುತ್ತದೆ. ಆಡಳಿತದವರಿಗೆ ಇದು ಬಹಳ ಪ್ರಿಯ. ಆದರೆ ಅಲ್ಲಿ ಅಂಕ ಹಾಕುವವರು ಒಬ್ಬರೇ, ಅದೂ ತಮ್ಮದೇ ವಿದ್ಯಾರ್ಥಿಗೆ, ರಾತ್ರಿ ಹನ್ನೊಂದಕ್ಕೆ. ಯಾರೂ ಯಾರೊಂದಿಗೂ ಮಾತಾಡಿಲ್ಲ. 'ಕೇಳಿಲ್ಲ' ಅಂತ ಒಂದು ಖಾನೆ ನೀವೇ ಯೋಚಿಸಿ ಸೇರಿಸದಿದ್ದರೆ ಅದೂ ಇರುವುದಿಲ್ಲ. ನೀವು ಹೆದರುತ್ತಿರುವ ಆ ಎಕ್ಸೆಲ್ ಶೀಟ್ ಮರಳಿ ಬರುವುದಾದರೆ ಈ ಬಾಗಿಲಿನಿಂದಲೇ ಬರುತ್ತದೆ. ಹಾಳೆಗಳನ್ನು ಒಂದೆಡೆ ಸೇರಿಸಲು, ಹೆಸರು ಅಳಿಸುವ ಮೊದಲು ಸ್ಯಾಂಪಲ್ ತೆಗೆಯಲು ಕ್ಯಾನ್ವಾಸ್ ಬಳಸಿ. ಅಂಕ ಹಾಕುವುದನ್ನು ಓದುವ ದಿನಕ್ಕೆ ಬಿಡಿ. ಡೀನ್ ಹತ್ತಿರ ಈಗಲೇ ಕೇಳಬೇಕಾದ್ದು ಸಾಫ್ಟ್‌ವೇರ್ ಅಲ್ಲ. ಎಂಟು ಜನರಿಗೆ ಒಂದು ದಿನದ ಬಿಡುವು, ಪಾರ್ಟ್-ಟೈಮ್‌ನವರಿಗೆ ಗೌರವಧನ, ಮಧ್ಯಾಹ್ನದ ಊಟ, ಮತ್ತು ಮೇಲೆ ಹೇಳಿದ ಆ ಬರಹದ ಮಾತು. ಬಜೆಟ್ ಮುಚ್ಚುವ ಮೊದಲು ಕೇಳಿ.